ಹೊಸ್ತಿಲಿಲ್ಲದ ಬಾಗಿಲು

ಶಶಿರೇಖಳಿಗೆ ಬಿಳಿ ಜಾಗ ಕಂಡರೆ ಆಗುವುದಿಲ್ಲ. ಮನೆಯ ನಕ್ಷೆಯೊಂದು ಎದುರಿಗೆ ಬಂದರೆ ಸಾಕು, ಅಂಗಳಕ್ಕೆ ಕಲ್ಲುಚಪ್ಪಡಿ, ಹಿತ್ತಲಿಗೆ ಹುಲ್ಲು, ತೊಟ್ಟಿಗೆ ನೀರು ಎಂದು ಒಂದೊಂದನ್ನೂ ತುಂಬಿ ಮುಗಿಸಿದ ಮೇಲೆಯೇ ಅವಳು ಕುರ್ಚಿಯಿಂದ ಏಳುವುದು. ಬಂಗಾರಪೇಟೆಯಲ್ಲಿ ನೋಂದಣಿ ಕಚೇರಿಯ ಹತ್ತಿರದ ಬೀದಿಯಲ್ಲಿ ಇಂಜಿನಿಯರ್ ಸುಧಾಕರನ ಪ್ಲ್ಯಾನ್ ಅಂಗಡಿ ಇದೆ. ಸುಧಾಕರ ಗೆರೆ ಎಳೆಯುತ್ತಾನೆ, ಶಶಿರೇಖ ಫೋಟೋಶಾಪಿನಲ್ಲಿ ಆ ಗೆರೆಗಳ ಒಳಗೆ ಪ್ಯಾಟರ್ನ್ ತುಂಬುತ್ತಾಳೆ. ಹದಿನಾಲ್ಕು ವರ್ಷದಿಂದ ಇದೇ ಕೆಲಸ. ಇದೂ ಒಂದು ಕೆಲಸವೇ ಎಂದು ಕೇಳುವವರಿದ್ದಾರೆ. ಕೇಳಲಿ ಬಿಡಿ, ಒಂದು ದಿನ ಬಂದು ಕೂತು ನೋಡಿದರೆ ಗೊತ್ತಾಗುತ್ತದೆ.

ಕಂಪ್ಯೂಟರಿನ ಜೊತೆ ಬರುವ ಪ್ಯಾಟರ್ನ್‌ಗಳು ಅವಳಿಗೆ ಸೇರುವುದಿಲ್ಲ. ಅದರಲ್ಲಿರುವ ಇಟ್ಟಿಗೆ ಯಾವ ದೇಶದ್ದೋ, ಹುಲ್ಲು ಯಾವ ಸೀಮೆಯದೋ. ತನಗೆ ಬೇಕಾದ್ದನ್ನು ಅವಳೇ ಮೊಬೈಲಿನಲ್ಲಿ ಹಿಡಿದು ತರುತ್ತಾಳೆ. ನೀರಿಗೆ ಬೇತಮಂಗಲದ ಕೆರೆಯ ಸಣ್ಣ ಅಲೆ, ಹೊಲಕ್ಕೆ ರಾಗಿ ಕೊಯ್ದ ಮೇಲಿನ ಕೂಳೆ, ಕಲ್ಲುಗೋಡೆಗೆ ಮಾರಿಕುಪ್ಪಂನಲ್ಲಿ ತನ್ನ ಮನೆಯ ಹಿಂದಿರುವ ಹಳೇ ಗೋಡೆ. ಆ ಚಿತ್ರದಿಂದ ಒಂದು ಚಿಕ್ಕ ಚೌಕ ಕತ್ತರಿಸಬೇಕು. ಅದರ ಎಡತುದಿ ಬಲತುದಿಗೆ, ಮೇಲಿನ ಅಂಚು ಕೆಳಗಿನ ಅಂಚಿಗೆ ಕೂಡಬೇಕು. ಆಮೇಲೆ ಒಂದರ ಪಕ್ಕ ಒಂದು ಸಾವಿರ ಸಲ ಹಾಸಿದರೂ ಜೋಡಣೆ ಕಾಣಬಾರದು. ಅಳತೆಯೂ ಸರಿ ಇರಬೇಕು. ಹೊಸದರಲ್ಲಿ ಒಮ್ಮೆ ಇಟ್ಟಿಗೆ ದೊಡ್ಡದಾಗಿ ಕೂತುಬಿಟ್ಟಿತ್ತು. ನಕ್ಷೆ ತೆಗೆದುಕೊಳ್ಳಲು ಬಂದ ರೈತನೊಬ್ಬ ಅದನ್ನು ನೋಡಿ, "ಇದೇನಮ್ಮ ಇಟ್ಟಿಗೆನಾ? ಒಂದೊಂದರ ಮೇಲೂ ನನ್ನ ಹಸ ಮಲಗಬೋದು" ಎಂದಿದ್ದ. ಸುಧಾಕರ ಈಗಲೂ ಆ ಮಾತನ್ನು ಎತ್ತಿ ಕಾಲೆಳೆಯುತ್ತಾನೆ.

ಬಣ್ಣ ಬಳಿದರೆ ಐದು ನಿಮಿಷದ ಕೆಲಸ. ಆದರೂ ಪ್ಯಾಟರ್ನೇ ಬೇಕೆಂದು ಅವಳು ಹಟ ಹಿಡಿಯುವುದಕ್ಕೆ ಕಾರಣವಿದೆ. ಅವಳ ತಾಯಿ ಮುತ್ಯಾಲಮ್ಮ ಓದು ಬಾರದವಳು. ಗಂಡ ತೀರಿಕೊಂಡ ಮೇಲೆ ಮನೆ ಭಾಗವಾದಾಗ ನಕ್ಷೆಯಲ್ಲಿ ಮೈದುನನಿಗೆ ಕೆಂಪು, ಅವಳಿಗೆ ಹಸಿರು ಬಳಿದಿದ್ದರು. ಭಾಗದ ಪತ್ರದ ಜೊತೆ ಇಟ್ಟದ್ದು ಮಾತ್ರ ಜೆರಾಕ್ಸ್ ಪ್ರತಿ. ಅದರಲ್ಲಿ ಕೆಂಪೂ ಬೂದಿ, ಹಸಿರೂ ಬೂದಿ. ಮುತ್ಯಾಲಮ್ಮ ಹೆಬ್ಬೆಟ್ಟು ಒತ್ತಿ ಬಂದಳು. ಆರು ತಿಂಗಳಿಗೆ ಮೈದುನ ಅದೇ ಕಾಗದ ಹರಡಿ, ನಿನ್ನದೆಲ್ಲಿ ಐತೆ ತೋರ್ಸು ಅಂದ. ತೋರಿಸುವುದಕ್ಕೆ ಏನೂ ಇರಲಿಲ್ಲ. ತಾಯಿ ಮಗಳು ಪಾತ್ರೆ ಪಗಡ ಹೊತ್ತುಕೊಂಡು ಮಾರಿಕುಪ್ಪಂನ ಬಾಡಿಗೆ ಕೋಣೆಗೆ ಬಂದರು, ಇವತ್ತಿಗೂ ಅಲ್ಲೇ ಇದ್ದಾರೆ. ಶಶಿರೇಖಳಿಗೆ ಆಗ ಹನ್ನೊಂದು ವರ್ಷ, ಈಗ ನಲವತ್ತೊಂದು. ಮದುವೆಯ ಮಾತು ಎರಡು ಸಲ ಬಂದು ಎರಡು ಸಲವೂ ನಿಂತುಹೋಯಿತು. ಆ ಬೂದಿ ಬಣ್ಣದ ಸಿಟ್ಟು ಮಾತ್ರ ಅವಳ ಹೊಟ್ಟೆಯಿಂದ ಹೋಗಿಲ್ಲ.

ಆದ್ದರಿಂದ ಭಾಗದ ನಕ್ಷೆ ಬಂದರೆ ಅವಳದೇ ಒಂದು ಕ್ರಮ. ಇಟ್ಟಿಗೆಯನ್ನು ಎಷ್ಟು ಸಲ ಜೆರಾಕ್ಸ್ ಮಾಡಿದರೂ ಇಟ್ಟಿಗೆಯೇ, ಚುಕ್ಕಿ ಚುಕ್ಕಿಯೇ. ಯಾರ ಭಾಗಕ್ಕೆ ಯಾವುದು ಎಂದು ಅವರನ್ನೇ ಕೇಳಿ ತುಂಬುತ್ತಾಳೆ. ಅಕ್ಷರ ಬಾರದವರೂ ಹೆಬ್ಬೆಟ್ಟಿಡುವ ಮೊದಲು ಇದು ನಂದು ಎಂದು ಬೆರಳಿಟ್ಟು ತೋರಿಸಬೇಕು, ಅಷ್ಟೇ ಅವಳ ಆಸೆ.

ಬೇತಮಂಗಲದ ಕಡೆಯ ಬಚ್ಚಪ್ಪ, ಕೋದಂಡಪ್ಪ ಅಣ್ಣತಮ್ಮಂದಿರು. ಅವರ ಮನೆಯ ನಕ್ಷೆಯೂ ಹಾಗೆಯೇ ಬಂತು. ಇಬ್ಬರಿಗೂ ಹಿರಿಯಳಾದ ಅಕ್ಕ ಕನಕಮ್ಮ ಗಂಡ ಸತ್ತ ಮೇಲೆ ತವರಿಗೆ ಬಂದವಳು. ಮೂವತ್ತು ವರ್ಷ ಆ ಮನೆಯ ಹಸುಗಳಿಗೆ ಹುಲ್ಲು ಹಾಕಿ, ಬೆಳಿಗ್ಗೆ ಸಂಜೆ ಡೈರಿಗೆ ಹಾಲು ಹೊತ್ತವಳು. ಊರ ಹಿರಿಯರು ಕೂತು ಬೀದಿ ಬದಿಯ ಒಂದು ಕೋಣೆ ಅವಳ ಹೆಸರಿಗೆ ಎಂದು ತೀರ್ಮಾನಿಸಿದ್ದರು. ಆ ಕೋಣೆಗೆ ಬೀದಿಗೊಂದು ಬಾಗಿಲು, ಬಚ್ಚಪ್ಪನ ಹಜಾರಕ್ಕೊಂದು ಬಾಗಿಲು. ಹಜಾರದ ಕಡೆಯದನ್ನು ಗೋಡೆ ಎಬ್ಬಿಸಿ ಮುಚ್ಚುವುದು ಎಂದು ಮಾತಾಗಿತ್ತು.

ಬಚ್ಚಪ್ಪ ಇಟ್ಟಿಗೆ ಎಂದ, ಕೋದಂಡಪ್ಪ ಕಲ್ಲು ಎಂದ. ಕನಕಮ್ಮ ಮೇಜಿನ ಮೇಲಿದ್ದ ಧೂಳಿನಲ್ಲಿ ಬೆರಳಿಟ್ಟು ಮೂರು ಸಾಲು, ಸಾಲಿಗೆ ಮೂರರಂತೆ ಒಂಬತ್ತು ಚುಕ್ಕಿ ಇಟ್ಟಳು.

"ನಾನು ದಿನಾ ಬಾಗ್ಲಿಗೆ ಹಾಕೋದು ಇದೇ ಕಣಮ್ಮ. ದೊಡ್ಡವು ಬರಲ್ಲ ನಂಗೆ" ಎಂದಳು.

ಶಶಿರೇಖ ಆ ಒಂಬತ್ತು ಚುಕ್ಕಿಗಳನ್ನೇ ಪ್ಯಾಟರ್ನ್ ಮಾಡಿ ಕೋಣೆಯ ತುಂಬ ಹಾಸಿದಳು. ಪತ್ರ ಬರೆಯುವವರು ಅದನ್ನು ನೋಡಿಯೇ, 'ಲಗತ್ತಿಸಿದ ನಕ್ಷೆಯಲ್ಲಿ ಚುಕ್ಕಿ ತುಂಬಿ ತೋರಿಸಿರುವ ಭಾಗವು ಕನಕಮ್ಮನವರಿಗೆ ಸೇರಿದ್ದು' ಎಂದು ಬರೆದರು.

ನೋಂದಣಿಯ ಹಿಂದಿನ ದಿನ ಸಂಜೆ ಬಚ್ಚಪ್ಪ ಒಬ್ಬನೇ ಅಂಗಡಿಗೆ ಬಂದ. ಸುಧಾಕರ ಕೆಲಸದ ಮೇಲೆ ಹೊರಗೆ ಹೋಗಿದ್ದ. ಶಶಿರೇಖ ರೈಲಿಗೆ ಹೊರಡಲು ಚೀಲ ಎತ್ತಿಕೊಂಡಿದ್ದಳು.

"ಒಂದು ಸಣ್ಣ ಬದಲಾವಣೆ ಐತೆ ಕಣಮ್ಮ. ಆ ಹಜಾರದ ಬಾಗ್ಲು ಮುಚ್ಚೋದು ಬ್ಯಾಡ, ಅಂಗೇ ತೋರ್ಸು. ಅಕ್ಕಂಗೆ ವಯಸ್ಸಾಯ್ತು. ಊಟಕ್ಕೆ ಬೀದಿ ಸುತ್ಕೊಂಡು ಬರೋದು ಯಾಕೆ, ಒಳಗಿಂದ್ಲೇ ಬರ್ಲಿ."

ಶಶಿರೇಖಳ ಕಣ್ಣು ಒದ್ದೆಯಾಯಿತು. ಇಂಥ ತಮ್ಮಂದಿರೂ ಇರುತ್ತಾರಲ್ಲ ಎನ್ನಿಸಿ ಚೀಲ ಕೆಳಗಿಟ್ಟು ಮತ್ತೆ ಕೂತಳು. ಗೋಡೆಯ ಗೆರೆಯನ್ನು ಬಾಗಿಲಿನಷ್ಟು ಅಗಲ ಅಳಿಸಿದಳು, ಹಜಾರಕ್ಕೆ ಇನ್ನೊಮ್ಮೆ ಇಟ್ಟಿಗೆ ತುಂಬಿದಳು, ನಾಲ್ಕು ಪ್ರತಿ ತೆಗೆದು ಅವನ ಕೈಗೆ ಕೊಟ್ಟು ಸ್ಟೇಷನ್ನಿಗೆ ಓಡಿದಳು. ರೈಲಿನಲ್ಲಿ ಕೂತವಳಿಗೆ ಅವತ್ತು ಮನಸ್ಸು ಹಗುರವಾಗಿತ್ತು. ಆ ಹಗುರವೇ ಅವಳ ಕಣ್ಣು ಕಟ್ಟಿದ್ದು.

ಮಾರನೇ ಬೆಳಿಗ್ಗೆ ಮಾರಿಕುಪ್ಪಂನಲ್ಲಿ ರೈಲು ಹತ್ತಿದಾಗ ಪಕ್ಕದಲ್ಲಿ ಎಂದಿನಂತೆ ಶ್ಯಾಮಲ ಕೂತಳು. ಬಂಗಾರಪೇಟೆಯ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸ ಮಾಡುವವಳು, ಮಾತಿನಲ್ಲಿ ಅರ್ಧ ತಮಿಳು. ತಮ್ಮನ ಒಳ್ಳೆಯತನದ ಕಥೆಯನ್ನು ಅವಳಿಗೆ ಹೇಳದಿದ್ದರೆ ಶಶಿರೇಖಳಿಗೆ ತಿಂದದ್ದು ಅರಗುತ್ತಿರಲಿಲ್ಲ. ನಿನ್ನೆ ಮೊಬೈಲಿಗೆ ಹಾಕಿಕೊಂಡಿದ್ದ ನಕ್ಷೆಯನ್ನು ತೆಗೆದು ತೋರಿಸಿದಳು.

ಶ್ಯಾಮಲ ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು. "ಏಂಡಿ ಶಶಿ, ಆ ಅಮ್ಮಂದು ಚುಕ್ಕಿ ಅಂದ್ಯಲ್ಲ, ಚುಕ್ಕಿ ಎಲ್ಲಿ? ಎಲ್ಲಾ ಕಡೆ ಇಟ್ಟಿಗೇನೇ ಐತೆ."

ಶಶಿರೇಖ ಮೊಬೈಲು ಕಿತ್ತುಕೊಂಡು ಹಿಗ್ಗಿಸಿ ನೋಡಿದಳು. ಕನಕಮ್ಮನ ಕೋಣೆಯ ತುಂಬ ಇಟ್ಟಿಗೆ. ಒಂದು ಚುಕ್ಕಿಯೂ ಇಲ್ಲ.

ಏನಾಗಿದೆ ಎಂದು ತಿಳಿಯಲು ಅವಳಿಗೆ ಒಂದು ಗಳಿಗೆ ಸಾಕಾಯಿತು. ಪ್ಯಾಟರ್ನ್ ತುಂಬುವುದೆಂದರೆ ಗದ್ದೆಗೆ ನೀರು ಬಿಟ್ಟ ಹಾಗೆ. ಒಂದು ಕಡೆ ಒತ್ತಿದರೆ ಗೆರೆ ಅಡ್ಡ ಬರುವವರೆಗೂ ಹರಿಯುತ್ತದೆ, ಎಲ್ಲಾದರೂ ಸಂದಿಯಿದ್ದರೆ ಅಲ್ಲಿಂದ ಪಕ್ಕಕ್ಕೆ ನುಗ್ಗುತ್ತದೆ. ನಕ್ಷೆಯಲ್ಲಿ ಬಾಗಿಲೆಂದರೆ ಗೋಡೆಯ ಗೆರೆಯಲ್ಲಿ ಬಿಟ್ಟ ಸಂದಿಯೇ. ಅದಕ್ಕಾಗಿ ಪ್ರತಿ ಬಾಗಿಲಿಗೂ ಮೊದಲು ಕೂದಲೆಳೆಯಷ್ಟು ತೆಳ್ಳಗೆ ಒಂದು ಗೆರೆ ಎಳೆಯುವುದು ಅವಳ ರೂಢಿ. ಆ ಗೆರೆಗೆ ಅವಳೇ ಇಟ್ಟ ಹೆಸರು ಹೊಸ್ತಿಲು. ಹೊಸ್ತಿಲು ಇಡದೆ ಇಟ್ಟಿಗೆ ಮುಟ್ಟಬಾರದು ಎಂದು ಹದಿನಾಲ್ಕು ವರ್ಷ ನಡೆಸಿಕೊಂಡು ಬಂದವಳು, ನಿನ್ನೆ ಆ ಆತುರದಲ್ಲಿ ಬಾಗಿಲು ತೆರೆದಳು, ಹೊಸ್ತಿಲು ಇಡಲಿಲ್ಲ. ಇಟ್ಟಿಗೆ ಹಜಾರದಿಂದ ಬಾಗಿಲು ದಾಟಿ ಕೋಣೆಗೆ ಹರಿದು ಚುಕ್ಕಿಗಳನ್ನು ಮುಚ್ಚಿಬಿಟ್ಟಿತ್ತು.

ಚುಕ್ಕಿ ಇರುವ ಭಾಗ ಕನಕಮ್ಮನದು ಎಂದು ಪತ್ರ ಹೇಳುತ್ತದೆ. ನಕ್ಷೆಯಲ್ಲಿ ಚುಕ್ಕಿಯೇ ಇಲ್ಲ. ಹನ್ನೊಂದು ಗಂಟೆಗೆ ರುಜು. ಹೆಬ್ಬೆಟ್ಟು ಬಿದ್ದರೆ ಆ ಮುದುಕಿಗೆ ಕೋಣೆ ಇಲ್ಲ. ಅದೇ ಕಾಗದ, ಅದೇ ಹೆಬ್ಬೆಟ್ಟು. ಈ ಸಲ ಮಾಡಿದ್ದು ಮುತ್ಯಾಲಮ್ಮನ ಮಗಳು.

ಸುಧಾಕರನಿಗೆ ಫೋನು ಹಚ್ಚಿದಳು, ಎತ್ತಲಿಲ್ಲ. ಆ ಮನೆಯವರ ಪೈಕಿ ಅವಳ ಹತ್ತಿರ ಇದ್ದದ್ದು ಬಚ್ಚಪ್ಪನ ನಂಬರು ಮಾತ್ರ. ಎರಡನೇ ಸಲಕ್ಕೆ ಎತ್ತಿದ.

"ಬಚ್ಚಪ್ಪನೋರೆ, ನಕ್ಷೇಲಿ ತಪ್ಪಾಗಿದೆ. ನಾನು ಬರೋವರೆಗೂ ರುಜು ಮಾಡಬೇಡಿ."

"ತಪ್ಪೇನಿಲ್ವಲ್ಲಮ್ಮ, ಚೆನ್ನಾಗೇ ಐತೆ" ಎಂದ. ದನಿಯಲ್ಲಿ ಅವಸರವಿರಲಿಲ್ಲ. "ನಾವಾಗ್ಲೇ ಆಫೀಸ್ ತಾವ ಬಂದ್ಬಿಟ್ವಿ. ಮುಂದಿನೋರು ಬರ್ಲಿಲ್ಲ ಅಂದ್ರೆ ನಮ್ಮನ್ನ ಬೇಗ ಕರೀತಾರಂತೆ. ಇಡ್ತೀನಿ."

ಏನು ತಪ್ಪು ಎಂದು ಅವನು ಕೇಳಲಿಲ್ಲ. ತಪ್ಪು ಗೊತ್ತಿಲ್ಲದವನು ಏನಮ್ಮ ತಪ್ಪು ಎಂದು ಕೇಳಿಯೇ ಕೇಳುತ್ತಾನೆ.

ಕೋರಮಂಡಲ್ ದಾಟಿತು, ಬೆಮೆಲ್ ನಗರ ದಾಟಿತು. ಬಂಗಾರಪೇಟೆ ಇನ್ನೇನು ಬಂತು ಎನ್ನುವಾಗ ಸಿಗ್ನಲ್ ಇಲ್ಲದೆ ರೈಲು ನಿಂತಿತು. ಇದೇನು ಹೊಸದಲ್ಲ, ಯಾವುದೋ ಎಕ್ಸ್‌ಪ್ರೆಸ್ಸಿಗೆ ದಾರಿ ಬಿಡಲು ಇಲ್ಲಿ ಆಗಾಗ ನಿಲ್ಲುತ್ತದೆ, ಜನ ಆರಾಮಾಗಿ ಕಡಲೆಕಾಯಿ ಸುಲಿಯುತ್ತಾರೆ. ಅವತ್ತು ಮಾತ್ರ ಒಂದೊಂದು ನಿಮಿಷವೂ ಅವಳ ಜೀವ ತೆಗೆಯಿತು. ಹತ್ತಾಯಿತು, ಹತ್ತೂಕಾಲಾಯಿತು. ಬಾಗಿಲಿಗೆ ಹೋಗಿ ಬಗ್ಗಿ ನೋಡಿದಳು, ಬಂದು ಕೂತಳು, ಮತ್ತೆ ಹೋದಳು. ಬಚ್ಚಪ್ಪನಿಗೆ ಮತ್ತೆ ಫೋನು ಹಚ್ಚಿದರೆ ಸ್ವಿಚ್ಚಾಫ್.

"ಕೂತ್ಕೊಳೇ, ನೀನು ನಿಂತ್ರೆ ರೈಲು ಓಡಲ್ಲ" ಎಂದಳು ಶ್ಯಾಮಲ. ಆಮೇಲೆ ಸ್ನೇಹಿತೆಯ ಮುಖ ನೋಡಿ ಅವಳ ಕೈ ಹಿಡಿದುಕೊಂಡಳು.

ರೈಲು ಸ್ಟೇಷನ್ನಿಗೆ ಬಂದಾಗ ಹತ್ತೂ ನಲವತ್ತು. ಶಶಿರೇಖ ಮೇಲುಸೇತುವೆಯ ಮೆಟ್ಟಿಲನ್ನು ಎರಡೆರಡಾಗಿ ಹತ್ತಿದಳು. ಸಂತೆಯ ಗಲಾಟೆ, ಟೊಮೆಟೊ ಕ್ರೇಟು ತುಂಬಿದ ಗಾಡಿಗಳು, ಆಟೋಗಳ ನಡುವೆ ಸೆರಗು ಸಿಕ್ಕಿಸಿಕೊಂಡು ಓಡಿದಳು. ನಲವತ್ತೊಂದು ವರ್ಷದ ಹೆಂಗಸು ಬೀದಿಯಲ್ಲಿ ಹೀಗೆ ಓಡಿದರೆ ನಾಲ್ಕು ಜನ ತಿರುಗಿ ನೋಡದೆ ಇರುತ್ತಾರೆಯೇ, ನೋಡಿದರು. ಮೊದಲು ಅಂಗಡಿಗೆ ಹೋಗಿ ನಕ್ಷೆ ಸರಿ ಮಾಡಲೇ, ಕಚೇರಿಗೆ ಹೋಗಿ ರುಜು ನಿಲ್ಲಿಸಲೇ ಎಂದು ದಾರಿಯುದ್ದಕ್ಕೂ ಅವಳ ತಲೆ ಗಿರ್ರೆನ್ನುತ್ತಿತ್ತು. ಕಾಲು ಕಚೇರಿಯ ಕಡೆಗೇ ಹೋಯಿತು.

ಕಚೇರಿಯ ಜಗಲಿಯ ಬೆಂಚಿನ ಮೇಲೆ ಮೂವರೂ ಕೂತಿದ್ದರು. ಇನ್ನೂ ಕರೆದಿರಲಿಲ್ಲ. ನಡುವೆ ಕನಕಮ್ಮ, ಮಾಸಲು ಹಸಿರು ಸೀರೆ, ತೊಡೆಯ ಮೇಲೆ ಪ್ಲಾಸ್ಟಿಕ್ ಕವರು. ಶಶಿರೇಖ ಅವಳ ಎಡಗೈ ಹೆಬ್ಬೆರಳನ್ನು ಮೊದಲು ನೋಡಿದಳು. ಮಸಿ ಇರಲಿಲ್ಲ. ಉಸಿರು ಬಂದಂತಾಗಿ ಅಲ್ಲೇ ಕಂಬಕ್ಕೆ ಒರಗಿದಳು.

"ನಕ್ಷೆ ತಪ್ಪಾಗಿದೆ ಅಮ್ಮ. ನನ್ನ ಕೈತಪ್ಪು. ನಿಮ್ಮ ಕೋಣೇಲಿ ಚುಕ್ಕಿ ಹೋಗಿ ಇಟ್ಟಿಗೆ ಕೂತಿದೆ" ಎಂದಳು.

ಕನಕಮ್ಮ ಕವರಿನಿಂದ ಕಾಗದ ತೆಗೆದು ತನ್ನ ಕೋಣೆಯ ಮೇಲೆ ಸರಿಯಾಗಿ ಬೆರಳಿಟ್ಟಳು. "ನೋಡ್ದೆ ಕಣಮ್ಮ. ನಿನ್ನೆ ಸಂಜೇನೇ ನೋಡ್ದೆ."

"ನೋಡಿ ಸುಮ್ಮನಿದ್ರಾ?"

"ತಮ್ಮ ತಾನಾಗೇ ಹೇಳ್ತಾನೇನೋ ಅಂತ ಕಾದೆ" ಎಂದಳು ಕನಕಮ್ಮ. "ಉಣ್ಣುವಾಗ ಹೇಳ್ತಾನೆ ಅನ್ಕೊಂಡೆ. ಬೆಳಿಗ್ಗೆ ಬಸ್ಸಲ್ಲಿ ಪಕ್ಕದಲ್ಲೇ ಕೂತಿದ್ದ, ಅಲ್ಲಾದ್ರೂ ಹೇಳ್ತಾನೆ ಅನ್ಕೊಂಡೆ. ಇಲ್ಲಿ ಕೂತೂ ಒಂದು ಗಂಟೆ ಆಯ್ತು."

ಬಚ್ಚಪ್ಪ ಬೀದಿಯ ಕಡೆ ನೋಡುತ್ತಿದ್ದ. ಕೋದಂಡಪ್ಪ ಗಾಬರಿಯಿಂದ ಕಾಗದ ಇಸಿದುಕೊಂಡು ತಿರುಗಿಸಿ ತಿರುಗಿಸಿ ನೋಡಿದ. ಪಾಪ, ಅವನು ತನ್ನ ಕಲ್ಲುಗಳನ್ನು ಎಣಿಸಿ ನೆಮ್ಮದಿಯಾಗಿದ್ದವನು, ಅಕ್ಕನ ಕೋಣೆಯನ್ನು ನೋಡಿಯೇ ಇರಲಿಲ್ಲ.

"ಏನಣ್ಣಾ ಇದು?"

"ನಾನೇನು ಮಾಡ್ದೆ? ಕಂಪ್ಯೂಟರ್ ಮಾಡಿದ್ದು" ಎಂದ ಬಚ್ಚಪ್ಪ. "ನಾನು ಬಾಗ್ಲು ತೆಗಿ ಅಂದೆ, ಅಷ್ಟೇ. ಬಾಗ್ಲು ತೆಗೆದ್ರೆ ಅದೂ ಇದೂ ಒಂದೇ ಮನೆ ಅಂತ ಅದಕ್ಕೇ ಗೊತ್ತಾಗೋಯ್ತು. ನಾನೇನು ಅಕ್ಕನ್ನ ಓಗು ಅಂತೀನಾ? ಇರ್ಲಿ, ಉಣ್ಲಿ. ಚುಕ್ಕಿ ಯಾಕೆ ಬೇಕು?"

ಶಶಿರೇಖಳಿಗೆ ರೇಗಿತು. ಹನ್ನೊಂದು ವರ್ಷದವಳಾಗಿದ್ದಾಗ ಚಿಕ್ಕಪ್ಪನಿಗೆ ಹೇಳಲಾಗದ್ದೆಲ್ಲ ಗಂಟಲಿಗೆ ಬಂತು. ತಪ್ಪು ತನ್ನದೇ ಎಂಬುದು ನೆನಪಾಗಿ ಅದನ್ನು ನುಂಗಿಕೊಂಡಳು. "ಬಾಗಿಲೂ ಇರಬಹುದು, ಚುಕ್ಕಿಯೂ ಇರಬಹುದು. ಒಂದು ಸಣ್ಣ ಗೆರೆ ಎಳೆದರೆ ಸಾಕು. ಹತ್ತು ನಿಮಿಷ ಕೊಡಿ, ಸರಿ ಮಾಡಿ ತರ್ತೀನಿ."

"ನಕ್ಷೇಲಿ ಇರ್ಬೋದಮ್ಮ" ಎಂದ ಬಚ್ಚಪ್ಪ. "ಮನೇಲಿ ಇರಾಕಾಗಲ್ಲ. ಚುಕ್ಕಿ ಬೇಕಂದ್ರೆ ಬಾಗ್ಲು ಮುಚ್ಲಿ. ಬಾಗ್ಲು ಬೇಕಂದ್ರೆ ಇಂಗೇ ಇರ್ಲಿ. ಅಕ್ಕ ಯೋಳ್ಲಿ."

ಎಲ್ಲರೂ ಕನಕಮ್ಮನನ್ನು ನೋಡಿದರು. ಶಶಿರೇಖಳಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಆ ಬಾಗಿಲಿನ ಆಚೆಗಿರುವುದು ಬರೀ ಊಟವಲ್ಲ ಎಂದು ಅವಳಿಗೆ ಗೊತ್ತಿತ್ತು. ಬಚ್ಚಪ್ಪನ ಮಗಳು ಬಾಣಂತನಕ್ಕೆ ಬಂದಿದ್ದಾಳೆ, ಮೂರು ತಿಂಗಳ ಕೂಸು ಹಜಾರದ ತೊಟ್ಟಿಲಲ್ಲಿದೆ, ಅದಕ್ಕೆ ದಿನಾ ಎಣ್ಣೆ ಹಚ್ಚಿ ನೀರು ಹಾಕುವವಳು ಕನಕಮ್ಮನೇ. ನಕ್ಷೆಗೆಂದು ಬಂದ ದಿನ ಅಂಗಡಿಯಲ್ಲಿ ಕೂತು ಎಲ್ಲವನ್ನೂ ಹೇಳಿದ್ದಳು. ಇವಳು ಬಾಗಿಲು ಬೇಕು ಎಂದರೆ ಬೇಡ ಎನ್ನಲು ತಾನ್ಯಾರು? ತನ್ನ ತಾಯಿಯೂ ಹೀಗೇ ಎಲ್ಲವನ್ನೂ ಕಂಡೂ ಒತ್ತಿ ಬಂದಳೇ? ಈ ಯೋಚನೆ ಮೂವತ್ತು ವರ್ಷದಲ್ಲಿ ಅವಳಿಗೆ ಒಮ್ಮೆಯೂ ಬಂದಿರಲಿಲ್ಲ.

ಕನಕಮ್ಮ ಕೋದಂಡಪ್ಪನ ಕೈಯಿಂದ ಕಾಗದ ತೆಗೆದುಕೊಂಡು ಮಡಿಸಿ ಕವರಿಗೆ ಹಾಕಿದಳು.

"ಮುಚ್ಚಮ್ಮ ಬಾಗ್ಲು" ಎಂದಳು. "ನಾನು ಬೀದಿ ಕಡೆಯಿಂದ್ಲೇ ಬತ್ತೀನಿ, ಓಗ್ತೀನಿ."

"ಅಕ್ಕಾ" ಎಂದ ಬಚ್ಚಪ್ಪ. ಅವನು ಇದನ್ನು ನಿರೀಕ್ಷಿಸಿರಲಿಲ್ಲ.

"ಸುಮ್ನಿರ್ಲಾ ಬಚ್ಚ. ನೀನೇ ಯೋಳು ಅಂದೆ, ಯೋಳ್ದೆ."

ಕೋದಂಡಪ್ಪ ಒಳಗೆ ಹೋಗಿ ಅರ್ಧ ಗಂಟೆ ತಡವಾಗುತ್ತದೆ ಎಂದು ಹೇಳಿ ಒಪ್ಪಿಸಿ ಬಂದ. ಎಲ್ಲರೂ ರಸ್ತೆ ದಾಟಿ ಅಂಗಡಿಗೆ ಹೋದರು. ಶಶಿರೇಖ ಬೀಗ ತೆಗೆದು ಕಂಪ್ಯೂಟರ್ ಹಾಕಿದಳು. ಕನಕಮ್ಮ ಕುರ್ಚಿ ಎಳೆದುಕೊಂಡು ಅವಳ ಪಕ್ಕವೇ ಕೂತಳು. ಬಚ್ಚಪ್ಪ ಒಳಗೆ ಬರಲಿಲ್ಲ, ಬಾಗಿಲಲ್ಲಿ ನಿಂತ.

ನಕ್ಷೆ ತೆರೆಯಿತು. ಶಶಿರೇಖ ಬಿಡಿ ಹಾಳೆಯಂತೆ ಮೇಲೆ ಕೂತಿದ್ದ ನಿನ್ನೆಯ ಇಟ್ಟಿಗೆಯ ಪದರವನ್ನು ಅಳಿಸಿದಳು. ಕೆಳಗಿನ ಪದರದಲ್ಲಿ ಒಂಬತ್ತರ ಗುಂಪುಗಳಾಗಿ ಚುಕ್ಕಿಗಳೆಲ್ಲ ಇಟ್ಟ ಹಾಗೇ ಇದ್ದವು.

"ಅಲ್ಲೇ ಇದ್ವಾ?" ಎಂದಳು ಕನಕಮ್ಮ.

"ಅಲ್ಲೇ ಇದ್ವು ಅಮ್ಮ. ಮೇಲೆ ಮುಚ್ಚಿಕೊಂಡಿತ್ತು."

ಬಾಗಿಲಿದ್ದ ಸಂದಿಗೆ ಗೆರೆ ಎಳೆಯಲು ಶಶಿರೇಖ ಮೌಸ್ ಹಿಡಿದಳು. ಗೋಡೆ ಅರ್ಧ ಬಂದಿರುವಾಗ ಕನಕಮ್ಮ ಅವಳ ಮೊಣಕೈ ಮುಟ್ಟಿದಳು.

"ಅಲ್ಲೊಂದು ಕಿಟಕಿ ಇಡಾಕಾಯ್ತದಾ? ದೊಡ್ಡದು ಬ್ಯಾಡ. ಕೂಸು ಅತ್ರೆ ಕೇಳಿಸ್ಬೇಕು."

ಶಶಿರೇಖ ತಿರುಗಿ ಬಚ್ಚಪ್ಪನನ್ನು ನೋಡಿದಳು. ಅವನು ತಲೆಯ ಟವೆಲು ತೆಗೆದು ಮುಖ ಒರೆಸಿಕೊಂಡ. "ಇಡಮ್ಮ" ಎಂದ.

ನಕ್ಷೆಯಲ್ಲಿ ಕಿಟಕಿಯೆಂದರೆ ಗೋಡೆಯ ಉದ್ದಕ್ಕೆ ಎರಡು ತೆಳು ಗೆರೆ, ಸಂದಿ ಇರುವುದಿಲ್ಲ. ಅವಳು ಎರಡೂ ಗೆರೆಗಳನ್ನು ಎಳೆದು, ತುದಿಗಳು ಕೂಡಿವೆಯೇ ಎಂದು ಹಿಗ್ಗಿಸಿ ನೋಡಿದಳು. ಮತ್ತೊಮ್ಮೆ ನೋಡಿದಳು. ಹಜಾರದಲ್ಲಿ ಒತ್ತಿ ಇಟ್ಟಿಗೆ ಬಿಟ್ಟಳು. ಅದು ತುಂಬಿಕೊಂಡು ಬಂದು ಕಿಟಕಿಯ ತನಕ ಮುಟ್ಟಿ ನಿಂತಿತು. ಅವಳು ಉಸಿರು ಬಿಟ್ಟದ್ದು ಆಗಲೇ.

ಕನಕಮ್ಮ ಪರದೆಯ ಹತ್ತಿರ ಮುಖ ತಂದು ಚುಕ್ಕಿಗಳ ಒಂದು ಗುಂಪನ್ನು ಬೆರಳಿಟ್ಟು ಎಣಿಸಿದಳು. ಒಂಬತ್ತಿತ್ತು. ಆಮೇಲೆ ಬೆರಳು ಕಿಟಕಿಯ ಮೇಲೆ ಬಂದು ನಿಂತಿತು.

"ಇದರ ಚಿಲಕ ಯಾವ ಕಡೆ ಬತ್ತದೆ?"

"ನಕ್ಷೇಲಿ ಚಿಲಕ ತೋರಿಸಲ್ಲ ಅಮ್ಮ."

"ತೋರ್ಸು" ಎಂದಳು ಕನಕಮ್ಮ. "ನನ್ನ ಕಡೆ."

ಬಾಗಿಲಲ್ಲಿ ನಿಂತ ಬಚ್ಚಪ್ಪನಿಗೂ ಅದು ಕೇಳಿಸಿತು. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಶಶಿರೇಖ ಒಂದು ನಕ್ಷೆಯಲ್ಲಿ ಚಿಲಕ ಬರೆದಳು.